ಅತೀಯಾ ಓದುವಾಗ ನಿಲ್ಲುತ್ತಾಳೆ

ನವೆಂಬರ್ 11, ಮಂಗಳವಾರ

ಇವತ್ತೂ ಗುರುಗುಂಟಾವರೆಗೆ ಬಸ್ಸಿನಲ್ಲಿ ನಿಂತೇ ಪ್ರಯಾಣ. ಅಲ್ಲಿಂದ ನಮ್ಮ ಶಾಲೆಯಿರುವ ದೊಡ್ಡಿಗೆ, ಆ ಪುಟ್ಟ ಊರಿಗೆ, ಹೆಡ್‌ಮಾಸ್ತರ ಬೈಕ್. ಅಮರಗುಂಡಪ್ಪ ಸರ್ ದಾರಿಯುದ್ದಕ್ಕೂ ಒಂದೇ ಮಾತು — ಓದಿನ ಸಮೀಕ್ಷೆ. ಡಿಸೆಂಬರ್ ಮೊದಲ ವಾರ ಹೊರಗಿನವರು ಬರುತ್ತಾರೆ. ನನ್ನ ಮೂರನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕಥೆ ಓದಿಸುತ್ತಾರೆ. ಮೊಬೈಲಿನಲ್ಲಿ ಟೈಮರ್. ನಿಮಿಷಕ್ಕೆ ಎಷ್ಟು ಪದ? ಆಮೇಲೆ ಕಥೆಯ ಮೇಲೆ ಎರಡು ಪ್ರಶ್ನೆ. ಅಷ್ಟೇ.

ಹೋದ ವರ್ಷ ನಮ್ಮ ಶಾಲೆ ಪಟ್ಟಿಯಲ್ಲಿ ಕೊನೆ. ವಾಟ್ಸಾಪ್ ಗ್ರೂಪಿನಲ್ಲಿ ಕೆಂಪು ಬಣ್ಣ ಹಚ್ಚಿ ಹಾಕಿದ್ದರು. ಊರಿಗೆಲ್ಲ ಗೊತ್ತಾಗಿ ಮೂರು ಮಕ್ಕಳು ಲಿಂಗಸುಗೂರಿನ ಕಾನ್ವೆಂಟ್ ವ್ಯಾನ್ ಹತ್ತಿದವು. ಈಗ ಕ್ಲಾಸಿನಲ್ಲಿ ಉಳಿದವರು ಒಂಬತ್ತು. ಇನ್ನೊಮ್ಮೆ ಕೆಂಪಾದರೆ...

"ಒಂಬತ್ತರಾಗ ಒಂದು ಕೂಸು ನಿಂತ್ರೂ ಗಾಡಿನೇ ನಿಂತಂಗರೀ ಮೇಡಂ" ಎಂದರು ಸರ್.

ನವೆಂಬರ್ 13, ಗುರುವಾರ

ಟ್ರಯಲ್ ಮಾಡಿದೆ. ಮೊದಲು ರಾಜಶ್ರೀ. ಹೈವೇ ಮೇಲೆ ಲಾರಿ ಬಿಟ್ಟ ಹಾಗೆ ಓದಿದಳು. ಸರ್ ಚಪ್ಪಾಳೆ ತಟ್ಟಿದರು. ಉಳಿದವರೂ ಪರವಾಗಿಲ್ಲ.

ಕೊನೆಗೆ ಅತೀಯಾ. "ಗುಬ್ಬಿ ಸಂತೆಗೆ ಹೋಯಿತು." ಎಷ್ಟು ಚಂದ ಓದಿದಳು! ನಿಂತಳು. ನನ್ನ ಮುಖ ನೋಡಿದಳು. ನಾನೂ ನೋಡಿದೆ.

"ಓದವ್ವಾ."

"ಗುಬ್ಬಿ ಒಂದು ಟೊಪ್ಪಿಗೆ ಕೊಂಡಿತು." ಮತ್ತೆ ನಿಂತಳು.

ಅಕ್ಷರ ಬರುವುದಿಲ್ಲವೇ? ಬರುತ್ತದೆ. ಹೆದರಿಕೆಯೇ? ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಆರಾಮಾಗಿ ಕೂತಿದ್ದಳು. ನಿಮಿಷ ಮುಗಿದರೂ ಗುಬ್ಬಿ ಸಂತೆಯಿಂದ ಹೊರಬರಲಿಲ್ಲ.

ನವೆಂಬರ್ 18, ಮಂಗಳವಾರ

ಬೈದೆ. ಮುದ್ದು ಮಾಡಿದೆ. ಚಾಕಲೇಟ್ ತೋರಿಸಿದೆ. ಊಹ್ಞೂಂ. ಪ್ರತಿ ಸಾಲಿಗೂ ಒಂದು ಬ್ರೇಕ್.

ಬಿಸಿಯೂಟದ ಹೊತ್ತಿಗೆ ಸರ್ ಮೆಲ್ಲಗೆ ಕೇಳಿದರು: "ಆವತ್ತೊಂದಿನ ಆಕೀನ್ನ ಮನ್ಯಾಗ ಇರಂತ ಹೇಳೋಣೇನ್ರಿ? ಜ್ವರ ಬಂದಿತ್ತಂದ್ರ ಆತು."

ಕೆಟ್ಟವರಲ್ಲ. ಶಾಲೆ ಉಳಿಸಬೇಕು, ಅದೇ ಚಿಂತೆ. ಆದರೂ ತಟ್ಟೆ ಪಕ್ಕಕ್ಕಿಟ್ಟೆ. "ಇಲ್ಲರೀ ಸರ್, ಆಕಿ ಬರ್ತಾಳ" ಎಂದೆ. ಹೇಳುವುದೇನೋ ಹೇಳಿಬಿಟ್ಟೆ. ಮುಂದೆ?

ನವೆಂಬರ್ 19, ಬುಧವಾರ

ಶಾಲೆ ಬಿಟ್ಟ ಮೇಲೆ ಅತೀಯಾಳ ಮನೆಗೆ ಹೋದೆ. ಅವಳ ಅಪ್ಪ–ಅಮ್ಮ ಮಸ್ಕಿಗೆ ಹೋಗಿದ್ದರು. ಅಜ್ಜಿ ದಾವಲ್‌ಬೀ ಹೊರಸಿನ ಮೇಲೆ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದರು. ಕಣ್ಣು ಮಂಜು, ಕೈಗೆ ಮಾತ್ರ ಎಲ್ಲ ಕಾಣುತ್ತದೆ. ಪಕ್ಕದಲ್ಲಿ ಅತೀಯಾ, ಪುಸ್ತಕ ಹಿಡಿದು ಓದುತ್ತಿದ್ದಾಳೆ. ನಾನು ಬಾಗಿಲಲ್ಲೇ ನಿಂತೆ.

"ಗುಬ್ಬಿ ಸಂತೆಗೆ ಹೋಯಿತು."

"ಹ್ಞೂಂ" ಎಂದರು ಅಜ್ಜಿ.

"ಗುಬ್ಬಿ ಒಂದು ಟೊಪ್ಪಿಗೆ ಕೊಂಡಿತು."

"ಹ್ಞೂಂ. ಆಗೇ ಬೋಲ್ ಬೇಟಿ, ಮುಂದ ಹೇಳು. ಯಾ ಬಣ್ಣದ್ದು?"

ದೇವರೇ! ಮಗು ನನ್ನಿಂದ ಒಂದು ಹ್ಞೂಂಗಾಗಿ ಕಾಯುತ್ತಿತ್ತು. ಒಂದು ವಾರದಿಂದ!

ದಾವಲ್‌ಬೀಗೆ ಹೇಳಿದರೆ ಅವರಿಗೆ ಆಶ್ಚರ್ಯ. "ಹ್ಞೂಂ ಅನ್ನದಿದ್ರ ಎದುರಿನ ಮಂದಿ ಮಲಗ್ಯಾರೋ ಎದ್ದಾರೋ ಹೆಂಗ್ ಗೊತ್ತಾಗಬೇಕ್ರೀ ಟೀಚರಮ್ಮಾ?"

ಚಹಾ ಕುಡಿದು ಬಂದೆ.

ನವೆಂಬರ್ 21, ಶುಕ್ರವಾರ

ಆದರೆ ಸಮೀಕ್ಷೆಯ ನಿಯಮ — ಪರೀಕ್ಷಕರು ತುಟಿ ಬಿಚ್ಚುವಂತಿಲ್ಲ. ಇವತ್ತು ಸರ್ ತಾವೇ ಪರೀಕ್ಷಕರಾಗಿ ಕೂತರು. ಗಂಟುಮುಖ, ಕೈಯಲ್ಲಿ ಮೊಬೈಲ್.

ಅತೀಯಾ ಓದಿದಳು. ನಿಂತಳು. ನೋಡಿದಳು. ಸರ್ ಕಲ್ಲು. ಮತ್ತೂ ನೋಡಿದಳು. ಆ ಕಣ್ಣು! ಸರ್ ಮೀಸೆಯೊಳಗಿಂದ ಸಣ್ಣದಾಗಿ ಬಂತು... "ಹ್ಞೂಂ."

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಸರ್ ಕೂಡ. "ನನ್ ಕೈಲಿ ಆಗಂಗಿಲ್ರೀ ಮೇಡಂ. ನೀವಾ ನೋಡ್ರಿ."

ಜ್ವರದ ಮಾತನ್ನು ಮತ್ತೆ ಎತ್ತಲಿಲ್ಲ.

ನವೆಂಬರ್ 26, ಬುಧವಾರ

ಉಪಾಯ ಸಾಕು ಅನ್ನಿಸಿತು. ಅತೀಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದ್ದದ್ದು ಇದ್ದಂತೆ ಹೇಳಿದೆ. "ಒಬ್ರು ಸರ್ ಬರ್ತಾರ. ನೀ ಓದೂದು ಎಲ್ಲಾ ಕೇಳಿಸ್ಕೊಂತಾರ. ಆದ್ರ ಹ್ಞೂಂ ಅನ್ನಂಗಿಲ್ಲ."

"ಯಾಕ್ರೀ ಟೀಚರ್? ಗಂಟಲ ಬ್ಯಾನಿ ಐತೇನ್ರಿ?"

"ಇಲ್ಲವ್ವ. ಅನ್ನಬಾರ್ದಂತ ಅವ್ರಿಗೆ ಹೇಳ್ಯಾರ."

ಪುಸ್ತಕ ಮುಚ್ಚಿದಳು. "ಅನ್ನಬೇಕನಿಸಿದ್ರೂ?"

"ಅನ್ನಬೇಕನಿಸಿದ್ರೂ."

"ಪಾಪ" ಎಂದಳು.

ಡಿಸೆಂಬರ್ 4, ಗುರುವಾರ

ಸಮೀಕ್ಷೆ ಮುಗಿಯಿತು.

ಬಂದವರು ಸಿಂಧನೂರಿನ ಡಿ.ಎಡ್. ಹುಡುಗ, ವೀರೇಂದ್ರ. ಮಕ್ಕಳಿಗಿಂತ ಅವನಿಗೇ ಹೆಚ್ಚು ಹೆದರಿಕೆ. ಕಥೆ ಹೊಸದು: ಒಂಟೆಯೊಂದು ಬಸ್ಸು ಹತ್ತುತ್ತದೆ, ಅದರ ತಲೆ ಕಿಟಕಿಯ ಹೊರಗೆ ಹೋಗುತ್ತದೆ, ಕಂಡಕ್ಟರ್ ಟಿಕೆಟ್ ಕೊಡುವುದಿಲ್ಲ. ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಎಲ್ಲವೂ ಕೇಳುತ್ತಿತ್ತು.

ರಾಜಶ್ರೀ ಎಲ್ಲರಿಗಿಂತ ವೇಗ. ಆಮೇಲೆ ಪ್ರಶ್ನೆ: ಬಸ್ಸು ಹತ್ತಿದ್ದು ಯಾರು? "ನಾ ಓದಿದ್ನಿರೀ, ನೋಡಲಿಲ್ಲ." ಬೇಗ, ಬೇಗ ಎಂದು ತಿಂಗಳಿಡೀ ಓಡಿಸಿದವಳು ನಾನೇ ಅಲ್ಲವೇ? ಇನ್ನೂ ಇಬ್ಬರದು ಇದೇ ಕಥೆ.

ಅತೀಯಾ ಒಳಗೆ ಹೋದಳು. ಮೊದಲ ಸಾಲು. ನಿಲ್ಲುತ್ತಾಳೆ, ಈಗ ನಿಲ್ಲುತ್ತಾಳೆ... ನಿಲ್ಲಲಿಲ್ಲ. ಎರಡನೇ ಸಾಲು, ಮೂರನೇ ಸಾಲು. ಕಂಡಕ್ಟರ್ ದನಿ ಬೇರೆ, ಒಂಟೆ ದನಿ ಬೇರೆ. ನಿಮಿಷದೊಳಗೇ ಕಥೆ ಮುಗಿಯಿತು! ಟಿಕೆಟ್ ಯಾಕೆ ಕೊಡಲಿಲ್ಲ ಎಂದರೆ, "ತಲಿ ಹೊರಗ ಬಂದಿತ್ತಲ್ರೀ. ಮತ್ತ ಒಂಟಿಗೆ ಕಿಸೇನೂ ಇಲ್ಲ. ಟಿಕೆಟ್ ಎಲ್ಲಿ ಇಟ್ಕೊಂತೈತಿ?"

ಕುರ್ಚಿ ಸರಿದ ಸದ್ದು. ಎದ್ದಳು ಎಂದುಕೊಂಡೆ. ಆಗ ಅವಳ ದನಿ, ಮೆತ್ತಗೆ: "ಸರ್, ಮುಗೀತು. ಈಗರ ಹ್ಞೂಂ ಅನ್ರಿ."

ಹುಡುಗನಿಗೆ ಏನು ಅರ್ಥವಾಯಿತೋ. "ಹ್ಞೂಂ" ಅಂದ.

ಹೊರಬಂದವಳನ್ನು ತಬ್ಬಿಕೊಂಡೆ. "ಹೆಂಗ್ ಓದಿದಿಬೇ, ಒಂದುಸಲಾನೂ ನಿಂದ್ರದಂಗ?"

"ಅವ್ರು ಭಾಳ ತಡ್ಕೊಂಡು ಕುಂತಿದ್ರಲ್ರೀ. ಲಗೂ ಮುಗಿಸಿದೆ."

ಡಿಸೆಂಬರ್ 22, ಸೋಮವಾರ

ಪಟ್ಟಿ ಬಂತು. ಸರ್ ಕನ್ನಡಕ ಹಾಕಿ ನೋಡಿದರು, ತೆಗೆದೂ ನೋಡಿದರು. ಹಳದಿ! ನಡುವಿಗಿಂತ ಸ್ವಲ್ಪ ಕೆಳಗೆ, ಆದರೆ ಕೆಂಪಲ್ಲ. ಓದಿನಲ್ಲಿ ಗಟ್ಟಿ, ಅರ್ಥದಲ್ಲಿ ಸಡಿಲ. ಎರಡೂ ಪ್ರಶ್ನೆಗೆ ಪೂರ್ತಿ ಅಂಕ ಬಂದದ್ದು ಅತೀಯಾ ಒಬ್ಬಳಿಗೇ.

ಸರ್ ಗುರುಗುಂಟಾದಿಂದ ಮಿರ್ಚಿ ಭಜಿ ತರಿಸಿದರು. ತಿನ್ನುತ್ತ, ನನ್ನ ಕಡೆ ನೋಡದೆ, "ಜ್ವರ ಗಿರ ಅಂತ ನಾ ಏನೋ ಅಂದಿದ್ದೆ. ಅದನ್ನ ಮರ್ತುಬಿಡ್ರಿ ಮೇಡಂ."

"ಯಾವ ಜ್ವರರೀ ಸರ್?" ಎಂದೆ.

ನಾಳೆಯಿಂದ ಟೈಮರ್ ಬಂದ್. ಇಬ್ಬಿಬ್ಬರು ಎದುರುಬದುರು — ಒಬ್ಬರು ಓದುವುದು, ಒಬ್ಬರು ಕೇಳುವುದು.

ಡಿಸೆಂಬರ್ 27, ಶನಿವಾರ

ಶಾಲೆ ಬಿಟ್ಟಿದೆ. ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ರಾಜಶ್ರೀ ಎರಡು ಪುಟದ ಕಥೆಗೆ ಅರ್ಧ ಪೀರಿಯಡ್ ತೆಗೆದುಕೊಂಡಳು. ನಡುವೆ ತಾನಾಗಿಯೇ ನಿಂತು ಕೇಳಿದಳು: "ಟೀಚರ್, ಈ ಮೊಲ ದಿನಾ ಸುಳ್ಳ ಹೇಳ್ತೈತಿ. ಅದರವ್ವಗ ಗೊತ್ತೈತೇನ್ರಿ?" ಕ್ಲಾಸು ಎರಡು ಪಾರ್ಟಿ ಆಯಿತು. ಗೊತ್ತಿದೆ ಎನ್ನುವವರು, ಗೊತ್ತಿಲ್ಲ ಎನ್ನುವವರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಸರ್ ಬೈಕ್ ಸ್ಟಾರ್ಟ್ ಮಾಡಿದರು. ಬಸ್ಸಿಗೆ ಹೊತ್ತಾಯಿತು. ಗೇಟಿನ ಹತ್ತಿರ ಯಾರೋ ಓಡಿ ಬರುತ್ತಿದ್ದಾರೆ... ರಾಜಶ್ರೀ! ಮನೆಗೆ ಹೋದವಳು ಅವ್ವನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಾಳೆ. "ಟೀಚರ್, ನಿಂದರ್ರಿ! ನಮ್ಮವ್ವ ಏನಂತಾಳ ಅಂದ್ರ, ಆ ಮೊಲದವ್ವಗ ಎಲ್ಲಾ ಗೊತ್ತೈತಂತ —"