ಪುಟ ೨೧೨ರಲ್ಲಿದ್ದ ಉಣ್ಣೆಯ ದಾರ

ಗ್ರಾಮ ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ಇರಬೇಕು, ಯಾವುದು ರದ್ದಿಗೆ ಹೋಗಬೇಕು ಎಂದು ತೀರ್ಮಾನಿಸುವ ತಪಾಸಣಾಧಿಕಾರಿಗಳಿಗೆ,

ಮಾನ್ಯರೇ,

ಅದು ಮೇಕೆಯ ಕೂದಲಲ್ಲ; ಕುರಿಯ ಉಣ್ಣೆ. ಮೊದಲು ಈ ತಪ್ಪನ್ನು ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.

ಹೊಸದುರ್ಗ ತಾಲ್ಲೂಕಿನ ಬಾಗೂರು ಕಡೆಯ ನಮ್ಮ ಊರಿನ ಗ್ರಂಥಾಲಯದ ಗೋಡೆಗೆ ತಾವು ಅಂಟಿಸಿರುವ ವರದಿಯ ಹದಿನೇಳನೆಯ ನಮೂದು ಹೀಗಿದೆ: ‘ಹಡಗು ನಿರ್ಮಾಣ ಕುರಿತ ಪುಸ್ತಕ. ಹನ್ನೊಂದು ವರ್ಷಗಳಿಂದ ಒಬ್ಬರೂ ಓದಿಲ್ಲ. ಪುಟ ೨೧೨ರಲ್ಲಿ ಮೇಕೆ ಕೂದಲಿನ ದಾರ ಕಂಡುಬಂದಿದ್ದು, ತೆಗೆದುಹಾಕಲಾಗಿದೆ. ಜಿಲ್ಲೆಯಲ್ಲಿ ಸಮುದ್ರವಿಲ್ಲದ ಕಾರಣ ಅನುಪಯುಕ್ತ. ವಿಲೇವಾರಿಗೆ ಶಿಫಾರಸು.’ ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟೊಂದು ತಪ್ಪುಗಳನ್ನು ಅಡಕಗೊಳಿಸಿದ ಪ್ರತಿಭೆಯನ್ನು ನನ್ನ ವಿದ್ಯಾರ್ಥಿಗಳಲ್ಲಿ ಕಂಡಿರಲಿಲ್ಲ. ಒಬ್ಬರೂ ಓದದ ಪುಸ್ತಕದ ಇನ್ನೂರ ಹನ್ನೆರಡನೆಯ ಪುಟಕ್ಕೆ ಉಣ್ಣೆ ಬಂದದ್ದಾದರೂ ಹೇಗೆ? ಕುರಿಯೇ ಒಳಗೆ ಬಂದು, ಬೆಂಚಿನ ಮೇಲೆ ಕುಳಿತು, ಓದಿ, ಗುರುತಿಟ್ಟು ಹೋಯಿತೆಂದು ತಮ್ಮ ಅಭಿಪ್ರಾಯವೆ? ಹಾಗಿದ್ದರೆ ಆ ಕುರಿಗಾದರೂ ಓದುಗರ ಲೆಕ್ಕದಲ್ಲಿ ಜಾಗ ಸಿಗಬೇಕಿತ್ತು.

ಓದಿದವರು ಯಾರೆಂದು ಹೇಳುತ್ತೇನೆ. ಅವರ ಹೆಸರು ದುರುಗಕ್ಕ. ವಯಸ್ಸು ಐವತ್ತೆಂಟು ಇರಬಹುದು. ಕುರಿ ಕಾಯುವುದು ಅವರ ಮನೆತನದ ಕಸುಬು. ನಲವತ್ತು ದಾಟಿದ ಮೇಲೆ ಸಾಕ್ಷರತಾ ತರಗತಿಗೆ ಬಂದು ನನ್ನ ಬಳಿಯೇ ಅಕ್ಷರ ಕಲಿತವರು. ಮಳೆ ಹಿಡಿದ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಅವರ ಹಿಂಡು ನಮ್ಮ ಊರಿನ ಸುತ್ತ ಇರುತ್ತದೆ. ದೀಪಾವಳಿ ಕಳೆದರೆ ಭದ್ರಾ ಕಾಲುವೆಯ ಗದ್ದೆ ಬಯಲಿಗೆ ನಡೆದುಬಿಡುತ್ತದೆ. ಇಲ್ಲಿರುವ ದಿನಗಳಲ್ಲಿ, ವಾರಕ್ಕೊಮ್ಮೆ, ಗ್ರಂಥಾಲಯದ ಹಿಂದಿನ ಹೊಂಗೆ ನೆರಳಲ್ಲಿ ಕುರಿಗಳು ಮಲಗಿದಾಗ, ಸೊಸೆಯನ್ನು ಕಾವಲಿಟ್ಟು ಅವರು ಒಳಗೆ ಬರುತ್ತಾರೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು, ಅಕ್ಷರದ ಮೇಲೆ ಬೆರಳಿಟ್ಟು, ಒಂದೆರಡು ಪುಟ ಓದುತ್ತಾರೆ. ಹೋಗುವ ಮುನ್ನ ಕರಿ ಉಣ್ಣೆಯ ದಾರವೊಂದನ್ನು ಪುಟದ ನಡುವೆ ಇಡುತ್ತಾರೆ. ಪ್ರತಿ ವರ್ಷ ಊರು ಬಿಡುವಾಗ ಅದಕ್ಕೊಂದು ಗಂಟು. ಹುಟ್ಟಿದ ಮರಿಗಳ ಲೆಕ್ಕವನ್ನೂ ಅವರು ಹೀಗೆಯೇ ದಾರದ ಗಂಟಿನಲ್ಲಿ ಇಡುತ್ತಾರೆ. ತಮ್ಮ ಸಿಬ್ಬಂದಿ ಎಳೆದು ಕಸದ ಬುಟ್ಟಿಗೆ ಹಾಕಿದ ದಾರದಲ್ಲಿ ಆರು ಗಂಟುಗಳಿದ್ದವು.

ಹಡಗೇ ಏಕೆ ಎಂದು ಕೇಳುವಿರಿ. ನಾನೂ ಕೇಳಿದ್ದೆ.

“ಸಣ್ಣೋಳಿದ್ದಾಗ ಮಾರಿಕಣಿವೆ ಡ್ಯಾಮಿನ ನೀರಾಗೆ ಒಬ್ಬ ತೆಪ್ಪದಾಗೆ ಎಂಟು ಕುರಿ ದಾಟಿಸ್ದ ಮೇಷ್ಟ್ರೇ. ಒಂದು ಕುರಿ ನೀರಿಗೆ ಬಿದ್ರೆ ಮುಳುಗ್ತೈತೆ. ಎಂಟು ಕುರಿ ಹೊತ್ಕಂಡು ತೆಪ್ಪ ತೇಲ್ತೈತೆ. ಯಾಕೆ ಅಂತ ಅಪ್ಪನ್ನ ಕೇಳಿದ್ರೆ, ‘ತೇಲ್ತೈತೆ, ಅಷ್ಟೇ, ಸುಮ್ಕೆ ನಡಿ’ ಅಂದ. ಅವತ್ತಿಂದ ತಲ್ಯಾಗೆ ಐತೆ.”

“ಹಾಗಾದರೆ ಒಮ್ಮೆ ಸಮುದ್ರ ನೋಡಿ ಬನ್ನಿ, ದುರುಗಕ್ಕ” ಎಂದೆ.

“ಅಯ್ಯ, ಸಮುದ್ರ ತಗಂಡು ನಾನೇನು ಮಾಡ್ಲಿ? ಕುರಿ ಕುಡಿಯಂಗಿಲ್ಲ, ನಾ ಕುಡಿಯಂಗಿಲ್ಲ. ಯಾಕೆ ಮುಳುಗಲ್ಲ ಅನ್ನೋದು ಗೊತ್ತಾದ್ರೆ ಸಾಕು ನಂಗೆ.”

ಕಳೆದ ಆಗಸ್ಟ್‌ನಲ್ಲಿ ಅವರು ನನ್ನನ್ನೇ ಪರೀಕ್ಷಿಸಿದರು. “ಹಡಗಿನ ತಳದಾಗೆ ಕಲ್ಲು ಯಾಕೆ ತುಂಬ್ತಿದ್ರು, ಹೇಳ್ರಿ ನೋಡಾಣ.” ಭಾರವಾದರೆ ಮುಳುಗುವುದಿಲ್ಲವೆ ಎಂದು ನಾನೇ ತಿರುಗಿ ಕೇಳಿದೆ. “ತಳದಾಗೆ ಭಾರ ಇಲ್ದಿದ್ರೆ ಗಾಳಿ ಬಂದಾಗ ಮಗುಚ್ಕಂತೈತೆ. ಇಷ್ಟು ದೊಡ್ಡ ಮೇಷ್ಟ್ರು, ಇದು ಗೊತ್ತಿಲ್ವಾ?” ಎಂದು ನಕ್ಕರು. ಗ್ರಂಥಪಾಲಕಿ ಸುಪ್ರಿಯಾ ಕೂಡ ನಕ್ಕರು. ‘ಓದುವ ಕೊಠಡಿಯಲ್ಲಿ ಮಾತನಾಡಬಾರದು’ ಎಂಬ ಫಲಕದ ಅಡಿಯಲ್ಲಿಯೇ ಇದೆಲ್ಲ ನಡೆಯಿತು. ಇದನ್ನೂ ವರದಿಯಲ್ಲಿ ಸೇರಿಸಿಕೊಳ್ಳಬಹುದು.

ಹಡಗಿನ ಪುಸ್ತಕ ತೆಗೆಯುವ ಮೊದಲೇ ಅದರ ಜಾಗಕ್ಕೆಂದು, ‘ಪ್ರಾದೇಶಿಕ ಅಗತ್ಯ’ ಎಂಬ ಶೀರ್ಷಿಕೆಯಡಿ, ಕುರಿ ಸಾಕಾಣಿಕೆಯ ಒಂದೇ ಕೈಪಿಡಿಯ ಹದಿನಾಲ್ಕು ಪ್ರತಿಗಳನ್ನು ತಾವು ದಯಪಾಲಿಸಿದ್ದೀರಿ. ಊರು ಬಿಡುವ ಮುನ್ನ ದುರುಗಕ್ಕ ಅದರಲ್ಲೊಂದನ್ನು ತಿರುವಿ ನೋಡಿ, “ಇದನ್ನ ಬರೆದೋರು ಕುರಿ ಹಿಂದೆ ನಡೆದೋರಲ್ಲ ಬಿಡ್ರಿ” ಎಂದು ಜೋಪಾನವಾಗಿ ಅದೇ ಜಾಗದಲ್ಲಿಟ್ಟರು. ಕುರಿ ಕಾಯುವವರು ಕುರಿಯನ್ನೇ ಓದಬೇಕು, ರಾಗಿ ಬೆಳೆಯುವವರು ರಾಗಿಯನ್ನೇ ಓದಬೇಕು ಎಂಬುದು ತಮ್ಮ ತತ್ತ್ವವಾದರೆ, ತಾವು ಸಂಜೆ ಮನೆಗೆ ಹೋಗಿ ಕಡತ ನಿರ್ವಹಣೆಯ ನಿಯಮಾವಳಿಯನ್ನೇ ಓದುವಿರಿ ಎಂದು ಭಾವಿಸಬೇಕೆ? ದಿನವಿಡೀ ಯಾವುದರ ಹಿಂದೆ ನಡೆಯುತ್ತೇವೆಯೋ ಅದನ್ನು ಅರೆಗಳಿಗೆ ಮರೆತು, ನಮಗೆ ಬೇಕಾದದ್ದನ್ನು, ಯಾವ ಉಪಯೋಗಕ್ಕೂ ಬಾರದ್ದನ್ನು, ಬರೀ ಆಸೆಗಾಗಿ ಓದುವ ಹಕ್ಕು ಯಾವ ದರ್ಜೆಯ ನೌಕರರಿಂದ ಆರಂಭವಾಗುತ್ತದೆ? ಸಮುದ್ರವಿಲ್ಲದ ಕಾರಣಕ್ಕೆ ಹಡಗು ಅನುಪಯುಕ್ತವಾದರೆ, ಪಕ್ಕದ ಕಪಾಟಿನಲ್ಲಿರುವ ಚಂದ್ರನ ಪುಸ್ತಕವನ್ನು ಯಾವ ತಾಲ್ಲೂಕಿಗೆ ವರ್ಗಾಯಿಸುವಿರಿ?

ಇನ್ನು ‘ಒಬ್ಬರೂ ಓದಿಲ್ಲ’ ಎನ್ನಲು ತಾವು ನಂಬಿದ ಎರವಲು ದಾಖಲೆಯ ಸೊನ್ನೆ. ಅದು ನಿಜ. ಮತ್ತು ಅದು ನನ್ನ ಕೊಡುಗೆ.

ಆರು ವರ್ಷಗಳ ಹಿಂದೆ ದುರುಗಕ್ಕ ಸದಸ್ಯತ್ವದ ಅರ್ಜಿ ಹಿಡಿದು ನನ್ನ ಮನೆಗೆ ಬಂದಿದ್ದರು. ಜಾಮೀನುದಾರರ ಸಹಿ ಬೇಕಿತ್ತು. ‘ವರ್ಷದಲ್ಲಿ ಕನಿಷ್ಠ ಆರು ತಿಂಗಳು ವಾಸಿಸುವ ವಿಳಾಸ’ ಎಂಬ ಅಂಕಣವಿತ್ತು. ಅವರು ಇಲ್ಲಿರುವುದು ಐದು ತಿಂಗಳು. ಸುಳ್ಳಿಗೆ ಸಹಿ ಹಾಕಲಾರೆ ಎಂದೆ. ಅವರು ಬೇಸರಿಸಿಕೊಳ್ಳಲಿಲ್ಲ. “ಹೋಗ್ಲಿ ಬಿಡ್ರಿ, ಅಲ್ಲೇ ಕುಂತ್ಕಂಡು ಓದ್ತೀನಿ. ಹಡಗೇನು ಓಡಿ ಹೋಗಲ್ಲ” ಎಂದರು. ನನ್ನ ಹೆಸರಿನಲ್ಲಿ ಪಡೆದು ಅವರಿಗೆ ಕೊಡಬಹುದಿತ್ತು. ಎರವಲು ಪಡೆದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡಬಾರದೆಂಬ ನಿಯಮವಿದೆಯಲ್ಲ! ಅದನ್ನೂ ನಾನು ಪಾಲಿಸಿದೆ. ನಿಯಮ ಪಾಲಿಸಿದ ಸಂತೋಷದಲ್ಲಿ ಅಂದು ಚೆನ್ನಾಗಿ ಊಟ ಮಾಡಿದ್ದೂ ನೆನಪಿದೆ. ಆದ್ದರಿಂದ ತಮ್ಮ ತಪ್ಪನ್ನು ಎತ್ತಿ ತೋರಿಸುತ್ತಿರುವ ಈ ಬೆರಳು ಅಷ್ಟೇನೂ ಸ್ವಚ್ಛವಾಗಿಲ್ಲ. ಅವರು ಐದು ತಿಂಗಳು ಇಲ್ಲಿ, ಏಳು ತಿಂಗಳು ದಾರಿಯಲ್ಲಿ. ದಾರಿಯನ್ನು ವಿಳಾಸವೆಂದು ಬರೆಯಲು ತಮ್ಮ ನಮೂನೆಯಲ್ಲಿ ಜಾಗವಿಲ್ಲ. ನನ್ನ ತಲೆಯಲ್ಲಿಯೂ ಆಗ ಇರಲಿಲ್ಲ.

ಕಳೆದ ವಾರ ನಾನೇ ಆ ಪುಸ್ತಕವನ್ನು ಎರವಲು ಕೇಳಲು ಹೋದೆ. ಪಟ್ಟಿಗೆ ಸೇರಿದ ಪುಸ್ತಕಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮೊಹರು ಮಾಡಲಾಗಿದೆ. “ಬಿಚ್ಚಿದ್ರೆ ನನ್ನ ಕೆಲಸ ಹೋಗ್ತೈತೆ ಸರ್. ಇಪ್ಪತ್ತೆಂಟಕ್ಕೆ ಲಾರಿ ಬರ್ತೈತೆ” ಎಂದರು ಸುಪ್ರಿಯಾ. ಮಾತಾಡುತ್ತಲೇ ಮೇಜಿನ ಖಾನೆ ತೆರೆದು, ಕಸದ ಬುಟ್ಟಿಯಿಂದ ಎತ್ತಿಟ್ಟುಕೊಂಡಿದ್ದ ಕರಿ ದಾರವನ್ನು ನನ್ನ ಅಂಗೈಯಲ್ಲಿಟ್ಟರು. “ಎಲ್ಲಿಗೆ ಓದಿದ್ರು ಅಂತ ಇನ್ನು ಆಯಮ್ಮಂಗೆ ಹೆಂಗೆ ಗೊತ್ತಾಗ್ಬೇಕು ಸರ್?” ಎಂದರು. ಗೋಡೆಯ ಕಡೆ ತೋರಿಸಿದೆ. ಪುಟಸಂಖ್ಯೆಯನ್ನು ತಾವೇ ದಾಖಲಿಸಿದ್ದೀರಲ್ಲ! ವರದಿಯ ಹದಿನೇಳನೆಯ ನಮೂದಿನಲ್ಲಿ ಸರಿಯಾಗಿರುವುದು ಅದೊಂದೇ ಅಂಕಿ. ಅದಕ್ಕಾಗಿ ತಮಗೆ ಪೂರ್ಣ ಅಂಕ ಕೊಡುತ್ತೇನೆ.

ನನ್ನ ಒತ್ತಾಯ ದೊಡ್ಡದಲ್ಲ. ಲಾರಿ ಬರುವ ಮೊದಲು ಆ ಚೀಲ ಬಿಚ್ಚಲು ಗ್ರಂಥಪಾಲಕಿಗೆ ಲಿಖಿತ ಅನುಮತಿ ಕೊಡಿ. ‘ಒಬ್ಬರೂ ಓದಿಲ್ಲ’ ಎಂಬುದನ್ನು ಹೊಡೆದುಹಾಕಿ ‘ಒಬ್ಬರು ಓದುತ್ತಿದ್ದಾರೆ’ ಎಂದು ಬರೆಯಿರಿ. ಇನ್ನೂ ಐವತ್ತಾರು ಪುಟಗಳು ಉಳಿದಿವೆ; ಜೂನ್‌ನಲ್ಲಿ ಹಿಂಡು ಮರಳುವಾಗ ಪುಸ್ತಕ ಅದೇ ಕಪಾಟಿನಲ್ಲಿರಲಿ. ದುರುಗಕ್ಕನ ಸದಸ್ಯತ್ವದ ಹೊಸ ಅರ್ಜಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅವರ ಸಹಿಯ ಜಾಗ ಖಾಲಿಯಿದೆ. ಅದನ್ನು ಅವರೇ ಬಂದು ತುಂಬುತ್ತಾರೆ. ಜಾಮೀನುದಾರನ ಸಹಿ ಈ ಸಲ ಇದೆ. ವಿಳಾಸದ ಅಂಕಣದಲ್ಲಿ ‘ಐದು ತಿಂಗಳು ಈ ಊರು, ಉಳಿದಂತೆ ಕುರಿ ಹೋದಲ್ಲಿ’ ಎಂದು ಬರೆದಿದ್ದೇನೆ. ಅದು ನಿಜವಾದ್ದರಿಂದ ಸಹಿ ಹಾಕಲು ನನಗೆ ಯಾವ ಅಡ್ಡಿಯೂ ಕಾಣಲಿಲ್ಲ.

ದಾರ ನನ್ನ ಬಳಿ ಇದೆ. ಪುಸ್ತಕ ಕೊಟ್ಟರೆ ೨೧೨ರಲ್ಲಿ ನಾನೇ ಇಡುತ್ತೇನೆ.

ಇಂತಿ,
ಆರು ವರ್ಷ ತಡವಾಗಿ ಜಾಮೀನಿಗೆ ನಿಂತ,
ಮೂರ್ತಪ್ಪ, ನಿವೃತ್ತ ಉಪಾಧ್ಯಾಯ
ಗ್ರಂಥಾಲಯದ ಕಿಟಕಿ ಪಕ್ಕದ ಬೆಂಚಿನಿಂದ,
೧೮ ನವೆಂಬರ್ ೨೦೨೫, ಮಂಗಳವಾರ, ಮಧ್ಯಾಹ್ನ ೨ ಗಂಟೆ ೪೦ ನಿಮಿಷ