ಮಧ್ಯೆ ಒಂದು ಸಲ ಇಳಿದು ಹತ್ತುವುದು

ಅಕ್ಟೋಬರ್ 27, ಸೋಮವಾರ

ಇವತ್ತೂ ಅದೇ. ಸಲೀಂ ಭಾಯಿಯ ಟಿಕೆಟ್ ಅಂಗಡಿ ತೆರೆದು, ಕಸ ಹೊಡೆದು, ಗಿರಾಕಿ ಬರುವ ಮೊದಲೇ ಪಕ್ಕದ ಮನೆಯ ಬೀಬಮ್ಮನ ಫ್ಲೈಟ್ ಹುಡುಕಿದೆ. ವೀಸಾ ಬಂದಿದೆ. ಡಿಸೆಂಬರ್ ಎರಡನೇ ವಾರ ಹೊರಡಬೇಕು. ಜನವರಿಯಲ್ಲಿ ಮಗಳು ನಾಜಿಮಾಗೆ ಹೆರಿಗೆ, ಜರ್ಮನಿಯಲ್ಲಿ.

ಒಂದು ದಾರಿ ಫ್ರಾಂಕ್‌ಫರ್ಟ್. ಅಲ್ಲಿ ಬದಲಾಯಿಸಿದರೆ ಸೀದಾ ನಾಜಿಮಾ ಇರುವ ಲೈಪ್‌ಜಿಗ್. ಆದರೆ ಮಧ್ಯೆ ಸಿಗುವುದು ಒಂದು ಗಂಟೆ ಚಿಲ್ಲರೆ. ಅಷ್ಟರಲ್ಲೇ ಪಾಸ್‌ಪೋರ್ಟ್ ಸಾಲು, ತಪಾಸಣೆ, ಇನ್ನೊಂದು ಗೇಟು. ಹಿಮ ಬಿದ್ದರಂತೂ ಮುಗಿಯಿತು. ಇನ್ನೊಂದು ದಾರಿ ದೋಹಾ ಮೇಲೆ ಬರ್ಲಿನ್‌ಗೆ. ದೋಹಾದಲ್ಲಿ ಆರು ಗಂಟೆ ಸುಮ್ಮನೆ ಕೂರಬೇಕು. ಬರ್ಲಿನ್‌ಗೆ ಅಳಿಯ ಕೈಸರ್ ಬಂದು ಕರೆದೊಯ್ಯುತ್ತಾನೆ.

ಬೀಬಮ್ಮ ಇಲ್ಲಿಯವರೆಗೆ ವಿಮಾನ ಹತ್ತಿಲ್ಲ. ಇಂಗ್ಲಿಷ್ ಬರುವುದಿಲ್ಲ. ಒಬ್ಬರೇ ಹೋಗಬೇಕು.

ಸಂಜೆ ನಾಜಿಮಾ ಫೋನ್ ಮಾಡಿದಳು.

"ಲೇ ದುರುಗಾ, ಇನ್ನೂ ಬುಕ್ ಮಾಡಿಲ್ವಾ? ನೀನು ಮಾಡೋದ್ರೊಳಗೆ ನನ್ ಮಗು ಸ್ಕೂಲಿಗೆ ಹೋಗುತ್ತೆ."

"ಎರಡ್ರಲ್ಲಿ ಯಾವ್ದು ಅಂತ ನೋಡ್ತಿದೀನಿ."

"ಬೇಗ ಬರೋದು ಮಾಡು. ಅಮ್ಮಿಗೆ ವೀಲ್‌ಚೇರ್ ಬೇಕು ಅಂತ ಹಾಕು. ಅವ್ರೇ ತಳ್ಕಂಡು ಹೋಗಿ ಇನ್ನೊಂದು ಫ್ಲೈಟಿಗೆ ಕೂರಿಸ್ತಾರೆ. ಎಲ್ರ ಅಪ್ಪ ಅಮ್ಮನೂ ಹಂಗೇ ಬರೋದು."

"ಬೀಬಮ್ಮ ಚೆನ್ನಾಗಿ ನಡೀತಾರಲ್ಲ."

"ಅದಕ್ಕೇನೀಗ?"

"ನಡಿಯೋರ್ನ ನಡಿಯಕ್ಕಾಗಲ್ಲ ಅಂತ ನಾನು ಬರೆಯಲ್ಲ."

"ಶುರು ಮಾಡ್ದ ನೋಡು. ಇದಕ್ಕೇ ಒಂಬತ್ತನೇ ಕ್ಲಾಸಿಗೆ ಮನೆ ಸೇರಿದ್ದು ನೀನು."

ನಿಜ. ಯಾಕೆ ಶಾಲೆ ಬಿಡುತ್ತೀಯ ಎಂದು ಹೆಡ್‌ಮಾಸ್ಟರ್ ಕೇಳಿದ್ದರು. ಬೇರೆ ಹುಡುಗರು ಮನೆಯ ಕಷ್ಟ ಹೇಳುತ್ತಿದ್ದರು. ನಾನು ಬೇಸರ ಎಂದೆ. ಆಮೇಲೆ ಗ್ಯಾರೇಜು, ಮೊಬೈಲ್ ಅಂಗಡಿ, ಲಾರಿ... ಅಲ್ಲೆಲ್ಲ ಬೇಸರವೇ. ಇಲ್ಲಿ ಮಾತ್ರ ಎರಡು ವರ್ಷ ಉಳಿದಿದ್ದೇನೆ. ಬೇರೆಯವರು ಹೊರಡುವುದನ್ನು ನೋಡುತ್ತಾ.

ಅಕ್ಟೋಬರ್ 29

ಸಲೀಂ ಭಾಯಿ ಕೂಡ ಅದನ್ನೇ ಹೇಳಿದರು. "ಅರೇ, ಒಂದು ಟಿಕ್ ಹಾಕೋಕೆ ಇಷ್ಟು ಪಂಚಾಯ್ತಿನಾ? ಯಾರಿಗೆ ಲುಕ್ಸಾನು?"

ನಿಜವಾಗಿ ನಡೆಯಲಾಗದವರಿಗೆ. ಕುರ್ಚಿ ಬರುವವರೆಗೆ ಅವರು ಕಾಯಬೇಕಲ್ಲ.

ಬೀಬಮ್ಮನನ್ನೇ ಕೇಳಿದೆ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಕುರ್ಚಿಯಾ? ನಾನೇನು ಮುದುಕಿನಾ? ಬಾಯಿ ಐತೆ, ಕೇಳ್ಕಂಡು ಹೋಗ್ತೀನಿ."

"ಹಂಗಾದ್ರೆ ಭಾನುವಾರ ಹಿರಿಯೂರಲ್ಲಿ ಬಸ್ ಬದಲಾಯಿಸಿ ಹೊಸದುರ್ಗಕ್ಕೆ ಹೋಗಿ ತೋರಿಸ್ರಿ. ನಾನು ಹಿಂದೆ ಇರ್ತೀನಿ, ಮಾತಾಡಲ್ಲ."

"ಅಯ್ಯೋ ಅಲ್ಲಾ! ಪರೀಕ್ಷೆ ಬಿಟ್ಟು ಓಡಿಹೋದೋನು ನಂಗೆ ಪರೀಕ್ಷೆ ಇಡ್ತಾನೆ."

ನವೆಂಬರ್ 2, ಭಾನುವಾರ

ಹಿರಿಯೂರು ಬಸ್ ನಿಲ್ದಾಣದಲ್ಲಿ ಇಳಿದರು. ಬೋರ್ಡಿನ ಕಡೆ ತಿರುಗಲೂ ಇಲ್ಲ. ಸೌತೆಕಾಯಿ ಮಾರುವವಳನ್ನು ಕೇಳಿದರು. ಯಾರೋ ಡ್ರೈವರನ್ನು ಕೇಳಿದರು. ನೇರ ನನ್ನ ಹತ್ತಿರ ಬಂದರು.

"ಏನಪ್ಪ, ಹೊಸದುರ್ಗದ ಬಸ್ಸು ಎಲ್ಲಿ ನಿಲ್ಲುತ್ತೆ?"

ಮುಖದಲ್ಲಿ ಒಂದು ಚೂರೂ ನಗುವಿಲ್ಲ.

"ಗೊತ್ತು. ಹೇಳಲ್ಲ," ಎಂದೆ.

"ಎಂಥಾ ಊರಪ್ಪ ಇದು," ಎಂದು ಮುಂದೆ ಹೋದರು.

ಇದೇ ಜಾಗ. ಬೇಸಿಗೆ ರಜೆಯಲ್ಲಿ ಮಾರಿಕಣಿವೆಗೆ, ಅವರ ಅಣ್ಣನ ಮನೆಗೆ ಹೋಗುವಾಗ ಇಲ್ಲೇ ಬಸ್ ಬದಲಾಯಿಸುತ್ತಿದ್ದದ್ದು. ಒಂದು ಕೈಯಲ್ಲಿ ನಾಜಿಮಾ, ಇನ್ನೊಂದು ಕೈಯಲ್ಲಿ ನಾನು, ಕಂಕುಳಲ್ಲಿ ಬುತ್ತಿ. ಓಡುತ್ತಿದ್ದರು. ನಮ್ಮ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ಕಂಡಕ್ಟರ್ ಸೀಟಿ ಊದಿದರೆ, "ನನ್ ಮಕ್ಳು ಹತ್ತಲಿ, ತಡಿಯಯ್ಯ!" ಎಂದು ಕೂಗುತ್ತಿದ್ದರು. ನನ್ನ ಮಕ್ಕಳು ಎಂದರೆ ಇಬ್ಬರೂ. ನಮ್ಮವ್ವ ಆಗ ಎಣ್ಣೆ ಮಿಲ್ಲಿನಲ್ಲಿ ಇರುತ್ತಿದ್ದಳು. ಬಸ್ಸು ಹತ್ತಿದ ಮೇಲೆ ಬೀಬಮ್ಮನ ಏದುಸಿರು, ನಾಜಿಮಾಳ ನಗು, ಕಿಟಕಿ ಯಾರದು ಎಂದು ಜಗಳ...

ಹೊಸದುರ್ಗದ ಬಸ್ಸು ಆ ತುದಿಯಲ್ಲಿತ್ತು. ನನಗಿಂತ ಮೊದಲು ಅವರೇ ಕಂಡುಹಿಡಿದರು. ಸೀಟಿ ಆಯಿತು. ಓಡುತ್ತಾರೆ ಎಂದುಕೊಂಡೆ.

ಓಡಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ಕಂಬ ಹಿಡಿದು ನಿಂತರು. ಬಸ್ಸು ಹೋಯಿತು.

ಬೆಂಚಿನ ಮೇಲೆ ಕೂರಿಸಿದೆ. ಬುರ್ಖಾದ ಮೇಲಿಂದಲೇ ಮಂಡಿ ಒತ್ತಿಕೊಳ್ಳುತ್ತಿದ್ದರು.

"ಯಾವಾಗಿಂದ?"

"ರಂಜಾನಿಂದ. ಮನೇಲಾದ್ರೆ ಗೋಡೆ ಹಿಡ್ಕಂಡು ಹೆಂಗೋ ಆಗುತ್ತೆ."

"ನಾಜಿಮಾಗೆ?"

"ಹೇಳ್ಬ್ಯಾಡ. ಅವ್ಳು ಮೊದ್ಲೇ ನರ್ಸು. ಆ ಚಳೀಲಿ ಬರಬ್ಯಾಡ ಅಂತಾಳೆ." ಬುರ್ಖಾದ ಅಂಚು ಸರಿಮಾಡಿಕೊಂಡರು. "ಅವ್ಳು ಹುಟ್ಟಿದಾಗ ನಮ್ಮಮ್ಮಿ ಇರ್ಲಿಲ್ಲ. ಗೋಡೆ ನೋಡ್ಕಂಡು ಹೆತ್ತೆ. ಅವ್ಳಿಗೆ ಹಂಗಾಗಬಾರ್ದು."

"ನಾನಾಗಿ ಹೇಳಲ್ಲ ಬೀಬಮ್ಮ. ಕೇಳಿದ್ರೆ ಸುಳ್ಳು ಹೇಳಲ್ಲ."

"ಗೊತ್ತು ಬಿಡು. ಅನ್ನ ಹಾಕಿದ್ದೇ ತಪ್ಪಾಯ್ತು ನಿಂಗೆ."

ಹಾಗೆಂದು ನನ್ನ ಹೆಗಲು ಹಿಡಿದು ಎದ್ದರು. ವಾಪಸ್ ನಮ್ಮೂರು ದುರ್ಗದ ಬಸ್ಸಿಗೆ ಹತ್ತಿಸಿದೆ. ಕಿಟಕಿ ಅವರಿಗೆ ಕೊಟ್ಟೆ.

ನವೆಂಬರ್ 3

ದೋಹಾ. ಬೇರೆ ಮಾತೇ ಇಲ್ಲ. ಆರು ಗಂಟೆ ಕಾದರೆ ಕಾಯಲಿ, ಓಡುವುದಂತೂ ಇಲ್ಲ. ಉರ್ದು ಆಡುವವರು ಅಲ್ಲಿ ಸಿಗದೇ ಇರುವುದಿಲ್ಲ. ವೀಲ್‌ಚೇರ್ ಟಿಕ್ ಹಾಕಿದೆ. ಸಲೀಂ ಭಾಯಿ ನನ್ನ ಮುಖ ನೋಡಿದರು. ಟಿಕೆಟ್ ನಾಳೆ ಸಂಜೆಯವರೆಗೆ ಹೋಲ್ಡ್; ಅಷ್ಟರೊಳಗೆ ಖಚಿತ ಮಾಡದಿದ್ದರೆ ರದ್ದು.

ವಿವರ ನಾಜಿಮಾಗೆ ಕಳಿಸಿದೆ. "ಕೊನೆಗೂ ಸುಳ್ಳು ಬರೆದ್ಯಾ!" ಎಂದು ಬಂತು. ಜೊತೆಗೆ ಒಂದು ಸಾಲು ನಗುವ ಮುಖಗಳು.

ಉತ್ತರ ಬರೆಯಲಿಲ್ಲ. ಬರೆಯದಿರುವುದು ಸುಳ್ಳೋ ಅಲ್ಲವೋ... ಗೊತ್ತಾಗುತ್ತಿಲ್ಲ.

ನವೆಂಬರ್ 4, ಸಂಜೆ

ಫೋನ್ ಎತ್ತಿದ ಕೂಡಲೇ ನಾಜಿಮಾಳೇ ಶುರುಮಾಡಿದಳು. ನಗುತ್ತಿರಲಿಲ್ಲ.

"ನೀನು ಸುಳ್ಳು ಬರೆಯೋನಲ್ಲ. ಅಮ್ಮಿ ಕಾಲಿಗೆ ಏನಾಗೈತೆ?"

ಅಂಗಡಿಯಿಂದ ಫೋನ್ ಹಿಡಿದುಕೊಂಡೇ ಚೇಳುಗುಡ್ಡದ ನಮ್ಮ ಬೀದಿಗೆ ಬಂದೆ. ಬೀಬಮ್ಮನ ಕೈಗೆ ಕೊಟ್ಟೆ. "ಕೇಳ್ತಿದಾಳೆ. ನೀವೇ ಹೇಳ್ರಿ." ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ ಒಳಗೆ ಹೋದರು.

ಹೊರಗೆ ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಉರ್ದು. ಮೊದಲು ನಾಜಿಮಾಳ ಬೈಗುಳ, ಸ್ಪೀಕರಿನಲ್ಲಿ. ಆಮೇಲೆ ಬೀಬಮ್ಮ, ತಗ್ಗಿದ ದನಿಯಲ್ಲಿ, ತುಂಬಾ ಹೊತ್ತು. ಆಮೇಲೆ ಮೂಗು ಸೀಟುವ ಸದ್ದು, ಯಾರದೋ.

"ದುರುಗಾ! ಆ ಕುರ್ಚಿ ದೋಹಾದಲ್ಲೂ ಐತಾ ಅಂತ ಕೇಳ್ತಾಳೆ."

"ಐತೆ. ಬರ್ಲಿನ್ನಲ್ಲೂ ಐತೆ."

"ದಪ್ಪ ಸ್ವೆಟರ್ ಬೇಕಂತೆ."

ಹೋಗುತ್ತಾರೆ ಹಾಗಾದರೆ. ಪಕ್ಕದ ಮನೆಗೆ ಮೂರು ತಿಂಗಳು ಬೀಗ. ಈಗಲೇ ಅಂಗಡಿಗೆ ಹೋಗಿ ಟಿಕೆಟ್ ಖಚಿತ ಮಾಡಿಬಿಡಬೇಕು. ತಡಮಾಡಿದರೆ ಹೋಗಬೇಡಿ ಎಂದು ನಾನೇ—