ಬಿಳಿ ಸೀರೆಯವಳ ಮನೆ

ಹೊಳನಗದ್ದೆ, ಕುಮಟಾ
8-10-1960

ನಮ್ಮ ಸರೋಜಾಳ ಅಪ್ಪನಿಗೆ ಸಣ್ಣಿಯ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಲಾಂಚಿನಲ್ಲಿ ಒದ್ದೆ ಅಂಗಿಯಲ್ಲೇ ಮಲಗುತ್ತೀರೆಂದು ಮುಂಬಯಿಯಿಂದ ಬಂದ ಮಾಸ್ತಿ ಹೇಳಿದ. ಹೇಳುವವರಿಲ್ಲ ಎಂದು ಹಾಗೆಲ್ಲ ಮಾಡಬೇಡಿ. ಸರೋಜಾಳಿಗೆ ಮುಂದಿನ ಹಲ್ಲು ಬಿದ್ದಿದೆ. ನಿಮ್ಮ ತಾಯಿ ಗಟ್ಟಿಯಾಗಿದ್ದಾರೆ; ಎಷ್ಟು ಗಟ್ಟಿ ಎಂದು ಬರೆಯಲಿಕ್ಕೇ ಕುಳಿತಿದ್ದೇನೆ.

ಹಳದೀಪುರದ ದಾಸ ನಾಯ್ಕರು ಈ ಮನೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟದ್ದು ಏಕೆಂದು ನಿಮಗೆ ಗೊತ್ತಲ್ಲ. ಮುಸ್ಸಂಜೆಗೆ ಬಿಳಿ ಸೀರೆಯ ಹೆಂಗಸೊಬ್ಬಳು ಕೂದಲು ಬಿಚ್ಚಿಕೊಂಡು ಹಿತ್ತಿಲಲ್ಲಿ ಓಡಾಡುತ್ತಾಳೆಂದು ಊರಿಗೆಲ್ಲ ಹೆದರಿಕೆ. ನನಗೆ ಅವಳಿಗಿಂತ ನಿಮ್ಮ ಅತ್ತಿಗೆಯ ಮುಖದ ಹೆದರಿಕೆಯೇ ಹೆಚ್ಚು. ನಿಮ್ಮ ಅಣ್ಣನ ಮನೆಯ ಮೂಲೆಯಲ್ಲಿ ಚಾಪೆ ಹಾಸಿ ಹಾಸಿ ಸಾಕಾಗಿತ್ತು. ಇಲ್ಲಿ ನನ್ನದೇ ಒಲೆ, ನನ್ನದೇ ಬಾವಿ, ಸತ್ತರೂ ಬಿಡಲಾರೆ. ಅತ್ತೆಯದು ಮಾತ್ರ ಬಂದ ದಿನದಿಂದ ಒಂದೇ ರಾಗ: "ನಾ ಕಣ್ಣಾರೆ ಕಂಡಿದ್ದೆ ಮಾರಾಯ್ತಿ, ಈ ಮನೆ ಬೇಡ. ನಾ ಜಾಲಿಗೆ ಮಗಳ ಮನೆಗೆ ಹೋಗ್ತೆ."

ದೀಪಾವಳಿಗೆ ಮುಂಚೆ ನೆಲ ಮಾಡಿಸೋಣವೆಂದು ಹೋದ ವಾರ ಕೇರಿಯ ಹೆಂಗಸರನ್ನು ಕರೆದೆ. ಹಸಿಮಣ್ಣು ಹಾಕಿ, ಸಾಲಾಗಿ ಕುಳಿತು, ಹಾಡು ಹೇಳುತ್ತ ಮರದ ಪೆಟ್ಟಣೆಯಿಂದ ಬಡಿಯುತ್ತಿದ್ದಾಗ ಅಡುಗೆಮನೆಯ ಮೂಲೆಯಲ್ಲಿ ನೆಲ ಟೊಳ್ಳು ಸದ್ದು ಕೊಟ್ಟಿತು. ಹಾಡು ನಿಂತಿತು. ಪಕ್ಕದ ಮನೆಯ ಲಕ್ಕಿ "ಹೆಣ ಹೂಳಿದ್ದಾರೆ ಇಲ್ಲಿ!" ಎಂದು ಕೂಗಿ ಅಂಗಳಕ್ಕೆ ಜಿಗಿದಳು, ಉಳಿದವರು ಅವಳ ಹಿಂದೆ. ನಾನೇ ಅಗೆದೆ. ಸಿಕ್ಕಿದ್ದು ಬಾಯಿಗೆ ಮೇಣ ಮೆತ್ತಿದ ಒಂದು ಭರಣಿ. ಮುಚ್ಚಳ ತೆಗೆದರೆ ಗೋವೆಯ ಫೆನಿ ಸಾರಾಯಿ ಮೂಗಿಗೆ ಹೊಡೆಯಿತು! ಹಿಂದೆ ನಿಂತಿದ್ದ ಅತ್ತೆ ಬಾಯ್ತಪ್ಪಿ, "ಇನ್ನೆರಡು ಎಂತ ಆತು?" ಎಂದುಬಿಟ್ಟರು.

ಹೆಂಗಸರೆಲ್ಲ ಹೋದ ಮೇಲೆ ಬಾಯಿ ಬಿಡಿಸಿದೆ. ಬೊಂಬಾಯಿ ಸರಕಾರ ಕುಡಿತ ನಿಲ್ಲಿಸಿದ ಕಾಲದಲ್ಲಿ ನಿಮ್ಮ ತಂದೆ ಗೋವೆಯಿಂದ ದೋಣಿಯಲ್ಲಿ ತಂದದ್ದನ್ನು ಈ ಪಾಳುಮನೆಯಲ್ಲಿ ಹೂಳುತ್ತಿದ್ದರಂತೆ. ಯಾರೂ ಹತ್ತಿರ ಸುಳಿಯದಂತೆ ಕೂದಲು ಬಿಚ್ಚಿಕೊಂಡು ಓಡಾಡಿದವರು ಸಾಕ್ಷಾತ್ ನಮ್ಮ ಅತ್ತೆ! ನಿಮಗೆ ಗೊತ್ತಿತ್ತೇ? ಗೊತ್ತಿದ್ದರೆ ಬಂದ ಮೇಲೆ ವಿಚಾರಿಸಿಕೊಳ್ಳುತ್ತೇನೆ. ಗುಟ್ಟು ಹೊರಬೀಳುತ್ತದೆಂದೇ ಅವರು ಜಾಲಿಯ ರಾಗ ತೆಗೆದದ್ದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ "ನಾ ಓಡುದು ಕಂಡು ನಿನ್ನ ಮಾವ ದೋಣಿಲಿ ಕೂತು ನಗ್ತಿದ್ರು" ಎಂದು ಅವರು ಕಣ್ಣೊರೆಸಿಕೊಂಡಾಗ ನನಗೂ ಅಳು ಬಂತು. ಭರಣಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ. ನೀವು ಕೇಳಿಯೇ ಕೇಳುತ್ತೀರಿ, ಅದಕ್ಕೇ ಬರೆದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ತಾಯಿಯ ಆಶೀರ್ವಾದ, ಬೊಚ್ಚು ಬಾಯಿ ಮಗಳ ಮುತ್ತು.

ನಿಮ್ಮ
ಸಣ್ಣಿ

ತಾ.ಕ.: ಟಪ್ಪಾಲಿನವ ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೆಣವೂ ಇಲ್ಲ ಭೂತವೂ ಇಲ್ಲ, ಬರೀ ಭರಣಿ ಎಂದು ಲಕ್ಕಿ ಡಂಗುರ ಹೊಡೆದಳು. ಹಾಗಾದರೆ ಮನೆ ತನ್ನ ಮಗನಿಗೇ ಬೇಕೆಂದು ದಾಸ ನಾಯ್ಕರು ನಿನ್ನೆ ಮುಸ್ಸಂಜೆಗೆ ಬಂದರು. ತಿರುಗಿ ನೋಡಿದರೆ ಅತ್ತೆ ಇಲ್ಲ. ಹಿತ್ತಿಲು ನೋಡಲು ಹೋದ ನಾಯ್ಕರು ಚಪ್ಪಲಿ ಅಲ್ಲೇ ಬಿಟ್ಟು ಹಳದೀಪುರದ ಬಸ್ಸು ಹಿಡಿದರು. ಮನೆ ನಮಗೇ ಉಳಿಯಿತು. ಅತ್ತೆ ಜಾಲಿಗೆ ಹೋಗುವುದಿಲ್ಲವಂತೆ. ಹಬ್ಬಕ್ಕೆ ಬರುವಾಗ ಅವರಿಗೊಂದು ಜೊತೆ ಗೆಜ್ಜೆ ತರಬೇಕಂತೆ: "ಮೊದಲಿನಂಗೆ ಓಡುಕೆ ಆಗುದಿಲ್ಲ, ಇನ್ನು ಸದ್ದಿನ ಮೇಲೇ ಸುಧಾರಿಸ್ತೆ."